ನರ್ಸರಿಗೆ ಬಂದ ಪುಟ್ಟ ಲುವಾ

"ಭಾವ, ನಿಮ್ಮ ಕಂಪ್ಯೂಟರ್ ಇನ್ನೂ ಎದ್ದಿಲ್ಲ. ಸಸಿ ಬಾಡ್ತಾ ಇದೆ."

ನಾದಿನಿ ಶೋಭಾ ಫೋನ್ ಮಾಡಿದಾಗ ನಾನು ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಮುದ್ದೆ ಮುರಿಯುತ್ತಿದ್ದೆ. ತಟ್ಟೆ ಬಿಟ್ಟು ಎದ್ದೆ.

ಮಧುರೆ ಹಳ್ಳಿಯಲ್ಲಿ ಅವಳದು ಟೊಮ್ಯಾಟೊ ಸಸಿಗಳ ನರ್ಸರಿ. ಬಿಸಿಲೇರಿದರೆ ಅರ್ಧ ಗಂಟೆಗೊಮ್ಮೆ ಟ್ರೇಗಳ ಮೇಲೆ ತುಂತುರು ನೀರು ಬೀಳಲೇಬೇಕು. ಮಧ್ಯಾಹ್ನ ಅವಳು ಎಲ್ಲಿಗೂ ಅಲ್ಲಾಡುವಂತಿಲ್ಲ. ಶನಿವಾರ ಸ್ಕೂಲ್ ಡೇ, ಅವಳ ಮಗಳ ಡಾನ್ಸ್. ಹೋದ ವರ್ಷವೂ ನೋಡಲಾಗಲಿಲ್ಲ ಎಂದು ಅತ್ತಿದ್ದಳು. ಆಟೊಮ್ಯಾಟಿಕ್ ಮಾಡಿಕೊಡ್ತೀನಿ ಎಂದು ಕೊಚ್ಚಿಕೊಂಡವನು ನಾನೇ. (ಇಪ್ಪತ್ತು ವರ್ಷ ಪ್ರೋಗ್ರಾಂ ಬರೆದವನಿಗೆ ಒಂದು ಮೋಟಾರ್ ಯಾವ ಲೆಕ್ಕ?)

ಅಂಗೈಯಗಲದ ಕಂಪ್ಯೂಟರ್ ತಂದು ಪೈಥಾನ್ ಭಾಷೆಯಲ್ಲಿ ಇನ್ನೂರು ಸಾಲು ಪ್ರೋಗ್ರಾಂ ಬರೆದಿದ್ದೆ. ಮೆಸೇಜು, ಗ್ರಾಫು, ಎಲ್ಲ ಇತ್ತು. ನಮ್ಮ ಕಡೆಯ ಕರೆಂಟನ್ನು ಮಾತ್ರ ಮರೆತಿದ್ದೆ. ಅದು ನಾಲ್ಕು ಸಲ ಹೋಗಿ ಬಂದದ್ದೇ ತಡ, ಮೆಮೊರಿ ಕಾರ್ಡ್ ಕೆಟ್ಟು ಕೂತಿತು. ನಾಲ್ಕು ಟ್ರೇ ಸಸಿ ಹೋಯಿತು. ನಿಜಕ್ಕೂ ನಾಚಿಕೆಯಾಯಿತು.

ಪಿಲ್ಲಗುಂಪೆಯ ನಮ್ಮ ಫ್ಯಾಕ್ಟರಿಯಲ್ಲಿ ಮೆಷಿನ್ ರಿಪೇರಿ ನೋಡಿಕೊಳ್ಳುವ ಕವಿತಾ ಕಥೆ ಕೇಳಿ ನಕ್ಕರು.

"ಸಾರ್, ನೀರು ಬಿಡೋಕೆ ಗ್ರಾಫ್ ಯಾಕೆ? ಲುವಾದಲ್ಲಿ ಬರೀರಿ."

ಬೆಂಕಿಪೊಟ್ಟಣದಷ್ಟು ಸರ್ಕ್ಯೂಟ್ ಬೋರ್ಡಿನ ಚೂರು ಮೆಮೊರಿಯಲ್ಲೂ ಹಿಡಿಸುವ ಪ್ರೋಗ್ರಾಂ ಭಾಷೆ ಅದು. ಕರೆಂಟ್ ಬಂದ ತಕ್ಷಣ ಬೋರ್ಡ್ ಎದ್ದು ಕೆಲಸಕ್ಕೆ ನಿಲ್ಲುತ್ತದೆ. ಕೆಲಸಕ್ಕೆ ತಕ್ಕ ಭಾಷೆ ಬೇಕು, ತಿಂಗಳ ಡೇಟಾ ಜಾಲಾಡಲು ಪೈಥಾನೇ ಸರಿ, ನೂರು ಫೈಲುಗಳ ಹೆಸರು ಬದಲಿಸಲು ಶೆಲ್ ಸ್ಕ್ರಿಪ್ಟ್ ಎಂಬ ಎರಡು ಸಾಲಿನ ಆಜ್ಞೆ ಸಾಕು ಎಂದೂ ಕವಿತಾ ಹೇಳಿದರು. ನನಗಿದು ಗೊತ್ತಿರಲಿಲ್ಲವೇ? ಗೊತ್ತಿತ್ತು. ರೂಢಿಯಾದದ್ದನ್ನೇ ಎಲ್ಲ ಕಡೆ ತುರುಕುವ ಚಾಳಿ, ಅಷ್ಟೇ.

ಲುವಾದಲ್ಲಿ ಇಪ್ಪತ್ತೇ ಸಾಲಾಯಿತು. ಶುಕ್ರವಾರ ನರ್ಸರಿಯಲ್ಲಿ ಬೋರ್ಡ್ ಕೂರಿಸಿ, ಬೇಕೆಂದೇ ಹತ್ತು ಸಲ ಪ್ಲಗ್ ಕಿತ್ತು ಮತ್ತೆ ಹಾಕಿದೆ. ಹತ್ತು ಸಲವೂ ನೀರು ಚಿಮ್ಮಿತು. ಎಂಥ ಚೊಕ್ಕ ಭಾಷೆ ಮಾರಾಯರೇ!

ಲ್ಯಾಪ್‌ಟಾಪ್ ಇಣುಕುತ್ತಿದ್ದ ಶೋಭಾ ಒಂದು ಸಾಲಿನ ಮೇಲೆ ಬೆರಳಿಟ್ಟು, ಈ ಮೂವತ್ತು ಅಂದರೆ ನಿಮಿಷವಾ ಎಂದು ಕೇಳಿದಳು. ಹೌದೆಂದೆ. ನಾಳೆ ಬಿಸಿಲು ಜೋರು ಎನ್ನುತ್ತಾ ತಾನೇ ಅದನ್ನು ಇಪ್ಪತ್ತು ಮಾಡಿದಳು. ಪಿಯುಸಿ ಓದಿದವಳು, ಪ್ರೋಗ್ರಾಂ ಎಂದರೆ ಏನೆಂದು ಯಾರೂ ಹೇಳಿಕೊಟ್ಟವರಿಲ್ಲ. ನನ್ನ ಇನ್ನೂರು ಸಾಲಿನಲ್ಲಿ ಅವಳಿಗೆ ಆ ಮೂವತ್ತು ಸಿಗುತ್ತಿತ್ತೇ?

ಶನಿವಾರ ಅವಳು ಸ್ಕೂಲಿಗೆ ಹೋದಳು. ಯಾವುದಕ್ಕೂ ಇರಲಿ ಎಂದು ನಾನು ನರ್ಸರಿಯಲ್ಲೇ ಕಾವಲು ಕೂತೆ. ಕರೆಂಟ್ ಎರಡು ಸಲ ಕಣ್ಣು ಮಿಟುಕಿಸಿತು. ನೀರು ಒಮ್ಮೆಯೂ ತಪ್ಪಲಿಲ್ಲ.

ಸಂಜೆ ಬಂದವಳು ಮೊದಲು ಸಸಿ ನೋಡಿದಳು, ಆಮೇಲೆ ನನ್ನನ್ನು.

"ಎಲ್ಲಾ ಅದೇ ನೋಡ್ಕೊಂಡಿದೆಯಲ್ಲ ಭಾವ, ನೀವ್ಯಾಕೆ ಡಾನ್ಸ್ ನೋಡೋಕೆ ಬರ್ಲಿಲ್ಲ?"