ನೈಟ್ರೋಜನ್ ಆರಿದ ಎರಡು ದಿನ

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ. ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಿದೆ, ದೋಸೆಗೆ ನೆನೆಹಾಕಿದೆ, ಬಟ್ಟೆ ಇಸ್ತ್ರಿಗೆ ಕೊಟ್ಟೆ. ಹತ್ತು ಗಂಟೆಗೆ ಯಜಮಾನರ ಕತ್ತಿನ ನರಹುಲಿ ತೋರಿಸಲು ಜಯನಗರದ ಚರ್ಮದ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ಸ್ಟೀಲ್ ಫ್ಲಾಸ್ಕಿನ ಮುಚ್ಚಳ ತೆಗೆದಾಗ ಬಿಳಿ ಹೊಗೆ ಅಂಚಿನಿಂದ ಕೆಳಕ್ಕೆ ಇಳಿಯಿತು. "ಲಿಕ್ವಿಡ್ ನೈಟ್ರೋಜನ್, ಸ್ವಲ್ಪ ಉರಿಯುತ್ತೆ" ಎಂದರು. ಆ ಹೆಸರು ಕೇಳಿ ಎಷ್ಟು ವರ್ಷವಾಗಿತ್ತೋ…

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ಜೆ.ಪಿ. ನಗರದ ನಮ್ಮ ಮಹಡಿಯ ರೂಮಿಗೆ ಗದಗದ ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಊರ ಆ ತುದಿಯ ಒಂದು ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಲಿಂಗಪೂಜೆ ಮುಗಿಸದೆ ತಿಂಡಿ ಮುಟ್ಟುತ್ತಿರಲಿಲ್ಲ. ಬಿಟ್ಟುಹೋಗಲು ಬಂದ ಅವಳ ಅಪ್ಪ "ನಿಮ್ಮ ಮಗಳ ಹಂಗ ನೋಡ್ಕೋರಿ ಅಕ್ಕಾರ" ಎಂದು ಕೈಮುಗಿದಿದ್ದರು.

ಅವರೆಕಾಳು ಸುಲಿಯುತ್ತ ಒಮ್ಮೆ ಅವಳ ಕೆಲಸ ಏನೆಂದು ಕೇಳಿದ್ದೆ.

"ಬ್ಯಾಕ್ಟೀರಿಯಾಕ್ಕೂ ವೈರಸ್ ಬಡೀತಾವ್ರಿ ಆಂಟಿ, ಫೇಜ್ ಅಂತಾರ. ಅದು ಒಳಗ ಹೊಕ್ಕರ ಅದನ್ನ ಕತ್ತರಿಸಿ ಹಾಕೋ ಮಷಿನ್ ಬ್ಯಾಕ್ಟೀರಿಯಾದಾಗ ಇರತೈತಿ. ಆ ಮಷಿನ್ ಹೆಂಗೈತಿ ಅಂತ ನೋಡಬೇಕು."

"ಅಷ್ಟು ಚಿಕ್ಕದಕ್ಕೆ ಮಷಿನ್ನಾ? ನಮ್ಮ ಮಿಕ್ಸಿನೇ ಆರು ತಿಂಗಳಿಂದ ಕೆಟ್ಟು ಕೂತಿದೆ."

"ಅದಕ್ಕ ರಿಪೇರಿಯವ ಬೇಕಾಗಂಗಿಲ್ಲ ಬಿಡ್ರಿ."

ಬಿಂದಿಯಷ್ಟಗಲದ ತಾಮ್ರದ ಜಾಲರಿಯ ಮೇಲೆ ಆ ಮಷಿನ್ನುಗಳಿರುವ ಹನಿ ಇಟ್ಟು, ನೀರು ಹರಳುಗಟ್ಟಲೂ ಬಿಡದೆ ಥಟ್ಟನೆ ಹೆಪ್ಪುಗಟ್ಟಿಸಬೇಕಂತೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಸರದಿ ಬರುವ ತನಕ ಜಾಲರಿಗಳು ದ್ರವ ನೈಟ್ರೋಜನ್ನಿನಲ್ಲಿ ಮುಳುಗಿಯೇ ಇರಬೇಕು. ಅವಳ ಪಾಲಿಗೆ ಬಂದದ್ದು ಹಳೆಯ ಕ್ಯಾನು, ಅದರಲ್ಲಿ ನೈಟ್ರೋಜನ್ ಬೇಗ ಆರುತ್ತಿತ್ತು. ದಿನ ಬಿಟ್ಟು ದಿನ ಹೋಗಿ ತುಂಬಿಸುತ್ತಿದ್ದಳು, ಭಾನುವಾರವೂ, ಜ್ವರ ಬಂದಾಗಲೂ.

ಒಂದು ಸಲ ಊರೆಲ್ಲ ಎರಡು ದಿನ ಬಂದ್ ಆಯಿತು. ಸಾರಕ್ಕಿ ಸಿಗ್ನಲ್ಲಿನಲ್ಲಿ ಟೈರು ಸುಡುತ್ತಿದ್ದಾರೆಂದು ಹಾಲಿನವನು ಹೇಳಿಹೋದ. ಅವತ್ತು ಕ್ಯಾನು ತುಂಬಿಸುವ ದಿನ. ಲ್ಯಾಬಿನಲ್ಲಿ ಫೋನ್ ಎತ್ತುವವರಿಲ್ಲ. ಸ್ಕೂಟಿಯಲ್ಲಿ ಹೋಗಿಬರುತ್ತೇನೆಂದು ಅವಳು ಬಟ್ಟೆ ಬದಲಾಯಿಸಲು ಮೇಲೆ ಹೋದಾಗ, ಅವಳ ಅಪ್ಪ ಕೈಮುಗಿದದ್ದು ನೆನಪಾಗಿ, ನಮ್ಮ ಬಾಗಿಲ ಪಕ್ಕದ ಮೊಳೆಯಲ್ಲಿದ್ದ ಅವಳ ಸ್ಕೂಟಿ ಕೀ ತೆಗೆದು ಅಕ್ಕಿ ಡಬ್ಬದಲ್ಲಿ ಹೂತೆ.

"ಇಲ್ಲೇ ಹಾಕಿದ್ನಲ್ರಿ ಆಂಟಿ?"

"ಎಲ್ಲಿಟ್ಯೋ, ನೆನಪು ಮಾಡ್ಕೋಮ್ಮ."

ಎರಡು ದಿನ ಹುಡುಕಿದಳು. ನಾನೂ ಜೊತೆಗೆ ಬಗ್ಗಿ ಮಂಚದ ಕೆಳಗೆಲ್ಲ ನೋಡಿದೆ. ಮೂರನೆಯ ಬೆಳಿಗ್ಗೆ ಚಪ್ಪಲಿ ಸ್ಟ್ಯಾಂಡಿನ ಹಿಂದೆ ಸಿಕ್ಕಿತೆಂದು ಕೊಟ್ಟೆ. "ನಿಮಗ ಪುಣ್ಯ ಬರ್ಲಿ ಆಂಟಿ" ಎಂದು ಓಡಿದಳು.

ಸಂಜೆ ಬಂದು ಮೆಟ್ಟಿಲ ಮೇಲೆ ಕೂತಳು. "ಎಲ್ಲಾ ಹಾಳಾಗ್ಯಾವ್ರಿ. ಕೀ ಎಲ್ಲಿಟ್ಟೆ ಅಂತ ನನಗ ನೆನಪಾಗಲಿಲ್ಲ, ತಪ್ಪು ನಂದ ಅಂತ ಸರ್‌ಗೆ ಹೇಳಿ ಬಂದೆ."

ಒಂದೂವರೆ ವರ್ಷದ ದುಡಿಮೆ. ಜವಾಬ್ದಾರಿ ಇಲ್ಲದವಳೆಂದು ಅವಳ ಕೆಲಸವನ್ನು ಬೇರೆಯವರಿಗೆ ವಹಿಸಿದರಂತೆ. ನಿಜ ಹೇಳಿಬಿಡಬೇಕೆಂದು ಎರಡು ಸಲ ಮಹಡಿ ಹತ್ತಿದೆ… ಒಮ್ಮೆ ಚಪಾತಿ ಕೊಟ್ಟು ಇಳಿದೆ, ಇನ್ನೊಮ್ಮೆ ಬಟ್ಟೆ ಒಣಗಿತಾ ಎಂದು ಕೇಳಿ ಇಳಿದೆ. ಎರಡು ತಿಂಗಳಿಗೆ ರೂಮು ಖಾಲಿ ಮಾಡಿ ಊರಿಗೆ ಹೋದಳು. ಆಮೇಲೆ ಅವಳ ಸುದ್ದಿ ಇಲ್ಲ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಮಾತೆತ್ತಿದೆ. ಯಜಮಾನರು ತಟ್ಟೆಯಿಂದ ತಲೆಯೆತ್ತಿದರು.

"ಓ, ಆ ಕೀ ಕಳ್ಕೊಂಡ ಹುಡುಗಿನಾ? ಪಾಪ, ಮರೆವು ಜಾಸ್ತಿ ಅವಳಿಗೆ."

ನಾನು ಹೂಂ ಅಂದೆ. ಅನ್ನ, ಹೀರೇಕಾಯಿ ಹುಳಿ, ಮಜ್ಜಿಗೆ. ರಾತ್ರಿ ಅವರು ಮೊದಲು ಮಲಗಿದರು.