ಬೀಗತಿಯ ಕಾಲುವೆ, ನಮ್ಮ ಹಗೇವು

ಬಂಗಾರ ಕಂಡು ನಾನು ಎಂದೂ ಹೊಟ್ಟೆಕಿಚ್ಚು ಪಟ್ಟವಳಲ್ಲ. ಪಕ್ಕದ ಮನೆಯವಳು ಹೊಸ ಸರ ಹಾಕಿಕೊಂಡು ಬಾವಿಗೆ ಬಂದರೆ ಚೆಂದ ಐತೆ ಕಣೇ ಎಂದು ಕೈಯಲ್ಲಿ ಹಿಡಿದು ನೋಡಿ ಬಿಟ್ಟುಬಿಡುತ್ತಿದ್ದೆ. ನನ್ನ ಹೊಟ್ಟೆ ಉರಿಯುತ್ತಿದ್ದುದು ನೀರು ಕಂಡಾಗ. ಅದೂ ಕಂಡವರ ನೀರಿಗಲ್ಲ, ನನ್ನ ಬೀಗತಿಯ ನೀರಿಗೆ.

ಇದನ್ನು ಬರೆಯಲು ಕೂತದ್ದು ಮೊಮ್ಮಗಳ ದೆಸೆಯಿಂದ. ದಸರಾ ರಜೆಗೆ ಜಗಳೂರು ಸೀಮೆಯ ನಮ್ಮ ಹಳ್ಳಿಗೆ ಬಂದಿದ್ದಾಳೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನನ್ನು ಎದುರಿಗೆ ಕೂರಿಸಿಕೊಂಡು ಪಾಠ ಓದುತ್ತಾಳೆ. ಅವಳ ದನಿ ಕಿವಿಗೆ ಬಿದ್ದರೆ ಸಾಕು, ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕಿಬಿಡುತ್ತೇನೆ. ಉರಿ ತಗ್ಗಿಸುವವರು ಯಾರೂ ಇಲ್ಲ. ನಿನ್ನೆ ಓದಿದ್ದು ಭೂಮಿಯ ಪಾಠ.

"ಅಜ್ಜಿ, ಭೂಮಿ ಮ್ಯಾಲೆ ಎಲ್ಲಾನೂ ಹದವಾಗಿ ಐತಂತೆ. ಬಿಸಿಲು ಅತಿ ಇಲ್ಲ, ಚಳಿ ಅತಿ ಇಲ್ಲ. ಗಾಳಿ ಐತೆ, ನೀರೈತೆ. ಅದಕ್ಕೇ ಗಿಡ, ದನ, ನಾವು ಎಲ್ಲಾ ಬದುಕಿರದಂತೆ."

"ಯಾರವ್ವ ಬರೆದಿದ್ದು ಇದನ್ನ?"

"ಪುಸ್ತಕದಾಗೈತೆ."

"ಅವರು ಜಗಳೂರಿಗೆ ಬಂದಿಲ್ಲ ಬಿಡು. ಬಂದಿದ್ರೆ ಬಿಸಿಲಿನ ಮಾತು ಬ್ಯಾರೆ ಬರೀತಿದ್ರು."

ಅವಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಹದ ಎನ್ನುವ ಆ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಈ ಹುಡುಗಿ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ, ಇವಳು ಯಾರ ನೆಲದ ಮೇಲೆ ಹುಟ್ಟಬೇಕು ಎಂದು ನಾನೂ ಬೀಗತಿಯೂ ಜಗ್ಗಾಡಿದ್ದು ನೆನಪಾಯಿತು.

ಮಗಳನ್ನು ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಗೆ ಕೊಟ್ಟದ್ದು ಎಂಬತ್ತರ ದಶಕದ ಕೊನೆಗೆ. ಆಗ ನಮ್ಮದು ದುರ್ಗದ ಜಿಲ್ಲೆ, ಅವರದು ಶಿವಮೊಗ್ಗ ಜಿಲ್ಲೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ಮೊದಲ ಸಲ ಹೋದಾಗ ಕಿಟಕಿಯ ಪಕ್ಕ ಕೂತಿದ್ದೆ. ನಮ್ಮ ಕಡೆಯ ಜಾಲಿ, ಕಲ್ಲು, ಕೆಂಪು ಮಣ್ಣು ಹಿಂದೆ ಸರಿದು ಇದ್ದಕ್ಕಿದ್ದ ಹಾಗೆ ಹಸಿರು ಶುರುವಾಯಿತು. ಭದ್ರಾ ಕಾಲುವೆಯ ನೀರು ಗದ್ದೆಯಿಂದ ಗದ್ದೆಗೆ ಇಳಿಯುತ್ತಿತ್ತು. ಎಮ್ಮೆಗಳು ಕುತ್ತಿಗೆ ಮಟ್ಟ ನೀರಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದವು. ನಮ್ಮೂರಿನಲ್ಲಿ ಮದುಮಗಳಿಗೆ ಮೀಯಲು ಅಷ್ಟು ನೀರು ಸಿಕ್ಕಿದರೆ ಪುಣ್ಯ. ಕಾಲುವೆಯ ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಹಿಂಡಿದ ನೀರು ಎಲ್ಲಿಗೆ ಹೋಯಿತೆಂದು ಒಬ್ಬಳಾದರೂ ತಿರುಗಿ ನೋಡಬೇಕಲ್ಲ! ನಾವು ಅಕ್ಕಿ ತೊಳೆದ ನೀರಲ್ಲಿ ಪಾತ್ರೆ ತೊಳೆದು, ಅದನ್ನೇ ಕರಿಬೇವಿನ ಬುಡಕ್ಕೆ ಹಾಕುವವರು.

ನಮ್ಮ ಯಜಮಾನರು ಸಂತೋಷದಿಂದ, "ನೋಡೇ, ನಮ್ಮ ಮಗಳು ಇನ್ನು ಕೊಡ ಹೊತ್ತುಕೊಂಡು ಅಲೆಯಂಗಿಲ್ಲ" ಎಂದರು. ಹೌದು ಎಂದೆ. ಮಗಳಿಗೆ ಒಳ್ಳೆಯ ಮನೆ ಸಿಕ್ಕಿತೆಂದು ಹಿಗ್ಗಬೇಕಾದ ತಾಯಿ ನಾನು, ಆ ಎಮ್ಮೆಗಳನ್ನು ಕಂಡು ಉರಿದುಕೊಳ್ಳುತ್ತಿದ್ದೆ.

ಬೀಗತಿ ಕೆಟ್ಟವಳಲ್ಲ. ಹುಟ್ಟಿದ್ದು ನ್ಯಾಮತಿ ಹತ್ತಿರದ ಗೋವಿನಕೋವಿ. ಹೊನ್ನಾಳಿ ಸಂತೆಗೆ ಹೋದಾಗಲೆಲ್ಲ ಹೊಳೆ ನೋಡಿಕೊಂಡು ಬೆಳೆದವಳು, ಸೇರಿದ್ದು ಕಾಲುವೆ ಮಗ್ಗುಲಿಗೆ. ನೀರಿಲ್ಲದ ಊರು ಇರುತ್ತದೆ ಎಂದು ನಮ್ಮ ಮನೆಗೆ ಬಂದ ಮೇಲೆಯೇ ಅವಳಿಗೆ ಗೊತ್ತಾದದ್ದು. ಬಚ್ಚಲಿಗೆ ಹೋಗಿ ಹಂಡೆ ಇಣುಕಿ ನೋಡಿ, "ಅಕ್ಕಾರೆ, ಇಷ್ಟರಾಗೆ ಯಾರು ಸ್ನಾನ ಮಾಡ್ತೀರಿ? ಕೋಳಿಮರೀನಾ?" ಎಂದು ನಕ್ಕಿದ್ದಳು. ತಮಾಷೆಗೆ ಅಂದದ್ದೇ. ಆದರೂ ಆ ಕೋಳಿಮರಿ ವರ್ಷಗಟ್ಟಲೆ ನನ್ನ ಹೊಟ್ಟೆಯೊಳಗೆ ಕೆದರಿತು.

ಅವತ್ತೇ ಅವರು ನಮ್ಮ ಹಗೇವು ನೋಡಿದ್ದು. ಹಗೇವೆಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ತಳಕ್ಕೂ ಸುತ್ತಲೂ ಹುಲ್ಲು ಕೊಟ್ಟು, ಜೋಳ ಸುರಿದು, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಮಳೆ ಹೋದ ವರ್ಷದಲ್ಲೂ ಮನೆಯವರ ಹೊಟ್ಟೆ ತುಂಬುತ್ತಿತ್ತು. ನಮ್ಮ ನೆಲ ಒಣ ನೆಲ. ಹುಳವಿಲ್ಲ, ಬೂಸಲಿಲ್ಲ. ಅಳಿಯ ಬಗ್ಗಿ ಬಗ್ಗಿ ನೋಡಿ ನಮ್ಮ ಯಜಮಾನರನ್ನು ಏನೇನೋ ಕೇಳಿದ. ಬೀಗತಿ ಒಂದು ಹಿಡಿ ಜೋಳ ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ನಿಂತಿದ್ದಳು. ಆ ಸುಮ್ಮನೆ ನಿಂತದ್ದರ ಅರ್ಥ ನನಗೆ ಆಗ ಹೊಳೆಯಲಿಲ್ಲ.

ಮಗಳು ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನದು, ಎಲ್ಲ ಕಡೆಯೂ ಅದೇ ಪದ್ಧತಿ. ಶ್ರಾವಣದಲ್ಲಿ ಕುಬುಸ ಮಾಡಿ, ಮಡಿಲು ತುಂಬಿ, ಕರೆದುಕೊಂಡು ಬರುವುದೆಂದು ನಾನು ಲೆಕ್ಕ ಹಾಕಿ ತೊಟ್ಟಿಲಿಗೆ ಹಗ್ಗ ಕೂಡ ಹೊಸೆಸಿದ್ದೆ. ಆಗ ಬೀಗತಿಯಿಂದ ಮಾತು ಬಂತು. ಸೊಸೆ ಇಲ್ಲೇ ಹೆರಲಿ, ಚನ್ನಗಿರಿ ಆಸ್ಪತ್ರೆ ಹತ್ತಿರ, ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಎರೆಯಬೇಕು, ನಿಮ್ಮಲ್ಲಿ ನೀರೆಲ್ಲಿದೆ?

ನಾನು ಎರಡು ಹೊತ್ತು ಊಟ ಬಿಟ್ಟೆ. ನೀರು ಅವಳದು, ಗದ್ದೆ ಅವಳದು, ಎಮ್ಮೆ ಅವಳದು. ಮಗಳೂ ಅವಳ ಮನೆಯಲ್ಲಿ. ಇನ್ನು ಮೊಮ್ಮಗುವೂ ಅವಳ ಕಾಲ ಮೇಲೇ ಮೊದಲ ಸ್ನಾನ ಮಾಡಬೇಕೇ? ಎಣ್ಣೆ ಹಚ್ಚಿ ಎರೆಯುವುದಕ್ಕಾದರೂ ನನ್ನ ಕಾಲು ಬೇಡವೇ?

"ಹೋಗಿ ಕೇಳೋಣ ಸುಮ್ನಿರೇ" ಎಂದರು ಯಜಮಾನರು.

"ಕೇಳಾಕೆ ಅದೇನು ಸಾಲವಾ? ನನ್ನ ಮಗಳು."

ಶ್ರಾವಣದಲ್ಲಿ ಸೀರೆ, ಹಸಿರು ಬಳೆ, ಬುತ್ತಿ ಕಟ್ಟಿಕೊಂಡು ತ್ಯಾವಣಿಗೆಗೆ ಹೋದೆವು. ಕಾಲುವೆ ತುಂಬಿತ್ತು, ನಾಟಿ ಮುಗಿದಿತ್ತು, ಸೋನೆ ಹಿಡಿದಿತ್ತು. ನನ್ನ ಕಣ್ಣು ಮೊದಲು ಹುಡುಕಿದ್ದು ಕೊರತೆಗಳನ್ನು, ಸಿಕ್ಕವೂ ಕೂಡ. ಹಗ್ಗದ ಮೇಲಿನ ಬಟ್ಟೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಸೌದೆ ಉರಿಯದೆ ಬರೀ ಹೊಗೆ. ಸೊಳ್ಳೆ ಹಗಲಿನಲ್ಲೇ ಕಚ್ಚುತ್ತಿದ್ದವು. ಕೂಸಿನ ಬಟ್ಟೆ ಇಲ್ಲಿ ಒಣಗುವುದು ಹೇಗೆ ಎಂದು ಮನಸ್ಸಿನಲ್ಲೇ ಅಂದುಕೊಂಡು ಒಳಗೊಳಗೇ ಬೀಗಿದೆ.

"ಅಕ್ಕಾರೆ, ಇವತ್ತು ನಿಮ್ಮ ಮಗಳಿಗೆ ನಮ್ಮ ಮನೆ ಜೋಳದ ರೊಟ್ಟಿ" ಎಂದಳು ಬೀಗತಿ. "ನಾವೂ ಹಗೇವು ತೋಡಿಸೇವಿ. ಬರ್ರಿ ಹಿತ್ತಲಿಗೆ, ಬಾಯಿ ತೆಗೀತಾರೆ."

ನಮಗಿದ್ದದ್ದು ಅದೊಂದು. ಅದನ್ನೂ ಮಾಡಿಕೊಂಡರೇ?

ಬೇಸಿಗೆಯಲ್ಲಿ ಕಾಲುವೆ ನಿಂತಿದ್ದಾಗ ತೋಡಿಸಿದ್ದರಂತೆ. ಆಗ ಅವರ ಹಿತ್ತಲೂ ನಮ್ಮ ನೆಲದ ಹಾಗೆಯೇ ಬಿರುಕು ಬಿಟ್ಟು ಕಲ್ಲಾಗಿರುತ್ತದೆ. ಒಣಗಿದೆಯಲ್ಲ ಎಂದು ಜೋಳ ಕೊಂಡು ತುಂಬಿದ್ದಾರೆ. ಕಾಲುವೆಗೆ ನೀರು ಬಿಟ್ಟ ಮೇಲೆ ಗದ್ದೆಯ ನೀರು ನೆಲದೊಳಗೇ ಹರಿದು ಎಲ್ಲಿಗೆ ಬರುತ್ತದೆ ಎಂದು ಯಾರೂ ಯೋಚಿಸಿಲ್ಲ.

ಆಳು ಮಣ್ಣು ಕೆರೆದು ಚಪ್ಪಡಿ ಸರಿಸಿದ. ಗುಪ್ಪನೆ ಹುಳಿ ನಾತ. ಸುತ್ತ ನಿಂತ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮೇಲಿನ ಕಾಳು ಕಪ್ಪಗೆ ಮೊಳೆತು ಮುದ್ದೆಯಾಗಿತ್ತು, ನಡುವೆ ಕುಸಿದು ಬಾವಿಯ ಹಾಗೆ ಆಳವಾಗಿತ್ತು. ನನಗೆ ಎಷ್ಟು ಹಿತವಾಯಿತೆಂದರೆ, ನಗು ಬಂದೀತೆಂದು ನಾನೂ ಸೆರಗು ಬಾಯಿಗೆ ಒತ್ತಿಕೊಂಡೆ.

ಅಳಿಯನಿಗೆ ಬೀಗರ ಎದುರು ಅವಮಾನ. ಪಂಚೆ ಎತ್ತಿ ಕಟ್ಟಿ, "ಮ್ಯಾಲಿಂದಷ್ಟೇ ಕೆಟ್ಟೈತೆ. ತಳದಾಗೆ ಚಲೋ ಇರತೈತೆ, ಇಳಿದು ತೆಗೀತೀನಿ" ಎನ್ನುತ್ತ ಹಗೇವಿನ ಬಾಯಲ್ಲಿ ಕೂತು ಕಾಲು ಇಳಿಬಿಟ್ಟ.

ಆ ಇಳಿಬಿದ್ದ ಕಾಲು ನೋಡಿದೆ ನೋಡಿ, ನನ್ನ ನಗು ಎಲ್ಲಿ ಹೋಯಿತೋ.

"ಇಳೀಬ್ಯಾಡ್ರಿ!"

"ಯಾಕ್ರೀ ಅಕ್ಕಾರೆ," ಎಂದಳು ಬೀಗತಿ, "ತಳದಾಗೆ ಒಳ್ಳೆ ಜೋಳ ಸಿಕ್ಕೀತು ಅಂತ ಸಂಕಟಾನಾ?"

ನಮ್ಮೂರಿನಲ್ಲಿ ಸಣ್ಣ ಮಗುವಿಗೂ ಗೊತ್ತಿರುವ ಮಾತು: ಹಗೇವಿನ ಒಳಗಿನ ಗಾಳಿ ಸತ್ತಿರುತ್ತದೆ. ಬಾಯಿ ತೆಗೆದು, ಸುಮಾರು ಹೊತ್ತು ಹಾಗೇ ಬಿಟ್ಟು, ದೀಪ ಇಳಿಸಿ ನೋಡಿದ ಮೇಲೇ ಮನುಷ್ಯ ಇಳಿಯುವುದು. ಅವಸರ ಮಾಡಿ ಇಳಿದು ಹೆಣವಾಗಿ ಬಂದವರನ್ನು ನಾವು ಕಂಡಿದ್ದೇವೆ. ಇವರು ಗುಂಡಿ ತೋಡುವುದನ್ನು ಕಲಿತಿದ್ದರು, ಇಳಿಯುವುದನ್ನು ಕಲಿತಿರಲಿಲ್ಲ. ಇದನ್ನೆಲ್ಲ ಬಿಡಿಸಿ ಹೇಳುವಷ್ಟು ಹೊತ್ತಿರಲಿಲ್ಲ. ಅಳಿಯನ ಎದುರಿಗೆ ತಲೆಯ ಮೇಲಿನ ಸೆರಗು ಜಾರಗೊಡದ ನಾನು, ಓಡಿಹೋಗಿ ಅವನ ರಟ್ಟೆ ಹಿಡಿದು ಎಳೆದೆ. ಇಬ್ಬರೂ ಕೆಸರಿನಲ್ಲಿ ಬಿದ್ದೆವು.

"ಲಾಟೀನು ತರ್ರಿ!" ಎಂದರು ನಮ್ಮ ಯಜಮಾನರು.

ಹಗ್ಗಕ್ಕೆ ಕಟ್ಟಿ ಉರಿಯುವ ಲಾಟೀನು ಇಳಿಸಿದರು. ಒಂದು ಆಳುದ್ದ ಇಳಿಯುವುದರೊಳಗೆ ಕುಡಿ ಸಣ್ಣಗಾಗಿ, ನೀಲಿಯಾಗಿ, ಆರಿಹೋಯಿತು. ಗಾಳಿ ಬೀಸಿರಲಿಲ್ಲ, ಸೋನೆಯೂ ಆಗ ಬಿಟ್ಟಿತ್ತು. ಮತ್ತೆ ಹಚ್ಚಿ ಇಳಿಸಿದರು. ಮತ್ತೆ ಆರಿತು. ಬಾಗಿಲಲ್ಲಿ ನಿಂತಿದ್ದ ಮಗಳು ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು.

ಬೀಗತಿ ಅಲ್ಲೇ ಕುಸಿದು ಕೂತಳು. ನಾನು ಕೆಸರು ಮೈಯಲ್ಲೇ ಅವಳ ಪಕ್ಕ ಕೂತೆ. ಅವಳೇ ಮಾತು ತೆಗೆದಳು.

"ಈ ಗುಂಡಿ ಯಾಕೆ ತೋಡಿಸಿದೆ ಗೊತ್ತೇನ್ರೀ? ನಿಮ್ಮ ಮಗಳು ದಿನಾ ನಮ್ಮವ್ವನ ರೊಟ್ಟಿ, ನಮ್ಮೂರ ಗಾಳಿ, ನಮ್ಮೂರ ಬಿಸಿಲು ಅಂತಾಳೆ. ಅನ್ನ ಮುಂದಿಟ್ರೆ ಮೂಗು ಮುರೀತಾಳೆ. ಒಂದ್ಸಲ ನಿಮ್ಮನೆಗೆ ಹೋದ್ಲು ಅಂದ್ರೆ ವಾಪಸ್ ಬರಾಕೆ ಮನಸ್ಸು ಮಾಡ್ತಾಳಾ? ಅದಕ್ಕೇ ಜೋಳ ಇಲ್ಲೇ ಇಟ್ಕಳ್ಳಣ ಅಂದೆ. ನನಗೆ ನಿಮ್ಮನ್ನ ಕಂಡ್ರೆ ಹೊಟ್ಟೆಗೆ ಬೆಂಕಿ ಬಿದ್ದಂಗಾಗತೈತ್ರೀ."

ನಾನು ಅವಳ ಮುಖವನ್ನೇ ನೋಡಿದೆ. ಕಲ್ಲು, ಜಾಲಿ, ಸುಡುಬಿಸಿಲು ಬಿಟ್ಟರೆ ಏನೂ ಇಲ್ಲದ ನಮ್ಮ ನೆಲ ಕಂಡು ಹೊಟ್ಟೆಕಿಚ್ಚು ಪಡುವವರೂ ಲೋಕದಲ್ಲಿದ್ದಾರೆ! ಕುಬುಸದ ಮನೆಯಲ್ಲಿ ನನಗಾದ ಖುಷಿಯನ್ನು ಏನೆಂದು ಹೇಳಲಿ. ಅಯ್ಯೋ ಪಾಪ ಎಂದು ಬಾಯಿ ಹೇಳಿತು.

"ಕರಕೊಂಡು ಹೋಗ್ರಿ" ಎಂದಳು ಕೊನೆಗೆ. "ನನ್ನ ಮಗನ್ನ ಉಳಿಸಿಕೊಟ್ಟೀರಿ, ಇಲ್ಲ ಅನ್ನಾಕೆ ಬಾಯಿಲ್ಲ. ನೀರಿಗೆ ಮಾತ್ರ ಏನು ಮಾಡ್ತೀರೋ. ದೊಡ್ಡ ಹಂಡೆ ಕೊಡ್ತೀನಿ, ತಗಂಡು ಹೋಗ್ರಿ."

"ಹಂಡೆ ಐತ್ರೀ. ತುಂಬಾಕೆ ಕಾಲುವೆ ಕೊಡ್ರಿ."

ಇಬ್ಬರೂ ನಕ್ಕೆವು. ಮಗಳೂ ನಕ್ಕಳು.

ದೀಪಾವಳಿಯ ಹೊತ್ತಿಗೆ ನಮ್ಮ ಮನೆಯ ನಡುಕೋಣೆಯಲ್ಲಿ ಈ ಮೊಮ್ಮಗಳು ಹುಟ್ಟಿದಳು. ನೀರಿನ ಚಿಂತೆ ನನಗೆ ಇರಲಿಲ್ಲವೆಂದಲ್ಲ. ಆದರೆ ನೀರು ಕಡಿಮೆ ಇರುವ ಊರಿಗೆ ಬಾಣಂತಿಯ ಬೆಲೆ ಗೊತ್ತು. ಬೆಳಗಾಗುವುದರೊಳಗೆ ಬೀದಿಯ ಹೆಂಗಸರು ತಮ್ಮ ಪಾಲಿನಲ್ಲೇ ಒಂದೊಂದು ಕೊಡ ತಂದು ನಮ್ಮ ಕಟ್ಟೆಯ ಮೇಲೆ ಇಟ್ಟು, ಕರೆದು ಹೇಳದೆ ಹೋಗುತ್ತಿದ್ದರು. ನಾನು ಕಾಲು ಚಾಚಿ ಕೂತು ಕೂಸನ್ನು ಮಲಗಿಸಿಕೊಂಡು ಎರೆಯುತ್ತಿದ್ದೆ. ಬಚ್ಚಲ ನೀರು ಹೊರಗೆ ಹರಿದು ಸಬ್ಬಸಿಗೆ ಮಡಿಗೆ ಹೋಗುತ್ತಿತ್ತು. ಆ ಸೊಪ್ಪು ಮಗಳ ತಟ್ಟೆಗೆ, ಅಲ್ಲಿಂದ ಹಾಲಾಗಿ ಕೂಸಿನ ಬಾಯಿಗೆ. ಕೂಸಿನ ಮೈ ತೊಳೆದ ನೀರು ಸುತ್ತು ಹಾಕಿ ಕೂಸಿನ ಹೊಟ್ಟೆಗೇ ಬರುತ್ತಿತ್ತು. ಕಾಲುವೆಯವರಿಗೆ ಈ ಭಾಗ್ಯ ಇದೆಯೇ ಎಂದು ಅಂದುಕೊಳ್ಳುತ್ತಿದ್ದೆ.

ಬೀಗತಿ ಕೂಸು ನೋಡಲು ಬಂದಳು, ಹೊಸ ಅಕ್ಕಿ ಚೀಲ, ಬಾಳೆಗೊನೆ ಹೊರಿಸಿಕೊಂಡು. ಬೇಲಿಯ ಮೇಲಿನ ಕೂಸಿನ ಬಟ್ಟೆ ಮುಟ್ಟಿ ನೋಡಿ, ಮೂಗಿಗೆ ಹಿಡಿದಳು.

"ಈಗಿನ್ನೂ ಒಗೆದಿದ್ರಲ್ರೀ! ಆಗಲೇ ಗರಿಗರಿ. ಎಂಥಾ ಬಿಸಿಲ್ರೀ ನಿಮ್ದು."

"ಬೇಕಾದ್ರೆ ಚೀಲದಾಗೆ ತುಂಬಿ ಕೊಡ್ತೀನಿ, ತಗಂಡು ಹೋಗ್ರಿ."

ನಕ್ಕು ತೊಟ್ಟಿಲಿಗೆ ಬಗ್ಗಿದಳು. ನೋಡಬಂದವರೆಲ್ಲ ಮೂಗು ಅಪ್ಪನ ತಾಯಿಯದೇ ಎಂದುಬಿಟ್ಟರು. ಅಷ್ಟು ಎಣ್ಣೆ ಹಚ್ಚಿ ತಿಕ್ಕಿ ತೀಡಿದ್ದು ನಾನು, ಮೂಗು ಮಾತ್ರ ಅವಳದು!

ಆ ಮೂಗು ಈಗ ನನ್ನೆದುರು ಪುಸ್ತಕದಲ್ಲಿ ಮುಳುಗಿದೆ. ಹಗೇವಿನಲ್ಲಿ ದೀಪ ಆರಿದ್ದನ್ನು ಹೇಳಿದೆ.

"ಕಾಳೂ ಉಸಿರಾಡತೈತೆ ಅಜ್ಜಿ. ನೀರು ಕುಡಿದು ಮೊಳಕೆ ಬಂದಾಗ ಇನ್ನೂ ಜಾಸ್ತಿ. ಒಳಗಿದ್ದ ಒಳ್ಳೆ ಗಾಳಿನೆಲ್ಲಾ ಅವೇ ಖಾಲಿ ಮಾಡಿರತಾವೆ."

"ಹಂಗಾದ್ರೆ ನಿಮ್ಮಪ್ಪ ಅವತ್ತು ಇಳಿದಿದ್ರೆ?"

ಅವಳು ಪುಸ್ತಕ ಮಡಿಚಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಸ್ವರ್ಗ ಬೇರೆ ಎಲ್ಲೂ ಇಲ್ಲ ಎಂದುಕೊಂಡೆ. ಅಷ್ಟರಲ್ಲಿ ಕಿವಿಯ ಹತ್ತಿರವೇ ಅಂದಳು, "ಅಜ್ಜಿ, ನಾಳೆ ಮೊದಲನೇ ಬಸ್ಸಿಗೇ ಕಳಿಸು. ಕಾಲುವೆ ತುಂಬಿ ಹರೀತಿರತೈತೆ. ಆ ಅಜ್ಜಿ ಈಜಾಕೆ ಕಲಿಸ್ತೀನಿ ಅಂದೈತೆ."

ಈಜಲು! ಎದ್ದುಹೋಗಿ ಅವಳಿಗೆ ಬುತ್ತಿ ಕಟ್ಟಲು ಜೋಳದ ಹಿಟ್ಟು ನಾದಿದೆ. ರೊಟ್ಟಿ ಬಡಿಯುವ ಸದ್ದು ಇವತ್ತು ಸ್ವಲ್ಪ ಜೋರಾಗಿಯೇ ಇತ್ತೆಂದು ನಮ್ಮ ಯಜಮಾನರು ಹೇಳುತ್ತಾರೆ.