ಡ್ರೈಯರ್ ತಣ್ಣಗೆ, ಹೊಟ್ಟೆಯೊಳಗೆ ಕಿಚ್ಚು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಡ್ರೈಯರ್ ಗುಡುಗುಡು ತಿರುಗುತ್ತಿದೆ. ಅದನ್ನು ನಿಲ್ಲಿಸಿ, ಬಾಗಿಲು ತೆರೆದು ಅಕ್ಕ ಒಳಗೆ ಕೈ ಹಾಕುತ್ತಾರೆ. ಬೆಡ್‌ಶೀಟುಗಳು ಹಾಕಿದಷ್ಟೇ ಒದ್ದೆ, ಗಾಳಿ ತಣ್ಣಗೆ.

“ಸುತ್ತೋದೇನೋ ಸುತ್ತತ್ತೆ, ಕೆಲಸ ಮಾತ್ರ ಆಗಲ್ಲ. ಥೇಟ್ ನಮ್ಮ ಯಜಮಾನ್ರು!”

ತಮಾಷೆ ಬಾಯಲ್ಲಿ, ಕಣ್ಣು ಗೇಟಿನ ಕಡೆ. ಇನ್ನೆರಡು ಗಂಟೆಯಲ್ಲಿ ನರ್ಸಿಂಗ್ ಹೋಮಿನ ವ್ಯಾನ್ ಬರುತ್ತದೆ. ಇನ್ನೊಂದು ಸಲ ತಡವಾದರೆ ಗುತ್ತಿಗೆ ಎದುರು ರಸ್ತೆಯ ಲಾಂಡ್ರಿಗೆ ಎಂದು ಅಲ್ಲಿನ ಮೇಲ್ವಿಚಾರಕಿ ಹೇಳಿ ಆಗಿದೆ. ಹೊರಗೆ ಮಂಜು, ಹಗ್ಗದ ಮೇಲೆ ಹರವಿದರೆ ಒಣಗುವುದು ಮಧ್ಯಾಹ್ನಕ್ಕೇ.

ಅಣ್ಣತಮ್ಮಂದಿರು ಶುರುಮಾಡಿದ ಈ ಲಾಂಡ್ರಿಯನ್ನು ನಡೆಸುವವರು ಅವರ ಹೆಂಡತಿಯರು. ಮೂರು ವಾಷಿಂಗ್ ಮಷೀನು, ಒಂದೇ ಒಂದು ಡ್ರೈಯರು. ಡ್ರೈಯರ್ ಹಿರಿಯ ಓರಗಿತ್ತಿಯಾದ ಅಕ್ಕನದು, ಇಸ್ತ್ರಿ ಕಿರಿಯವರದು. ಮೊದಲು ರಿಪೇರಿಗೆ ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. ಅವನಿಗೆ ಟಾರ್ಚ್ ಹಿಡಿದು ನಿಲ್ಲುವುದು ಅಕ್ಕನ ಪಾಲಿನ ಕೆಲಸ. ಅವನು ಊರು ಬಿಟ್ಟ ಮೇಲೆ ಸ್ಕ್ರೂಡ್ರೈವರೂ ಅವರ ಕೈಗೇ ಬಂತು. ದಿನವಿಡೀ ಬಟ್ಟೆಯ ನವಿರು ಧೂಳು ಕುಡಿದು ಸೀನುತ್ತಾರೆ. ಮುಂಗೈ ಮೇಲೆ ಕಾದ ತಗಡು ತಾಗಿದ ಹಳೆಯ ಬರೆ ಇದೆ.

ಆದರೆ ಅವರನ್ನು ನಿಜವಾಗಿ ಸುಡುವುದು ಬೇರೆ. ಇಸ್ತ್ರಿಯ ಮೇಜು ಇದೇ ಕೋಣೆಯ ಬಾಗಿಲ ಬಳಿ, ಗಿರಾಕಿಗಳಿಗೆ ಕಾಣುತ್ತದೆ; ಅದರ ಹಿಂದಿನ ಡ್ರೈಯರ್ ಕಾಣುವುದಿಲ್ಲ. ಅಕ್ಕ ಮೂಗೇರಿಸಿ ಒಬ್ಬ ಗಿರಾಕಿಯ ದನಿ ತೆಗೆಯುತ್ತಾರೆ: “ಅಬ್ಬಬ್ಬಬ್ಬಾ, ಏನ್ ಇಸ್ತ್ರಿ ರೀ! ಈ ಗೆರೆಲಿ ಬ್ರೆಡ್ ಕುಯ್ಯಬಹುದು!” ಮರುಕ್ಷಣ ಸ್ವಂತ ದನಿಗೆ ಇಳಿಯುತ್ತಾರೆ. “ಒದ್ದೆ ಬಟ್ಟೆ ಮೇಲೆ ಎಳೀಲಿ ನೋಡೋಣ, ಗೆರೆ!”

ಹೋದ ವಾರ ಆ ಗಾಯಕ್ಕೆ ಉಪ್ಪೂ ಬಿತ್ತು. ಪತ್ರಿಕೆಯೊಂದರಲ್ಲಿ ಕಿರಿಯವರ ಫೋಟೋ ಬಂತು. ಕೆಳಗೆ ದಪ್ಪಕ್ಷರದಲ್ಲಿ ‘ಇಸ್ತ್ರಿ ರಾಣಿ’. ಅಂಚಿನಲ್ಲಿ ಯಾರದೋ ಮೊಣಕೈ.

“ಯಾರದೋ ಅಲ್ಲ, ನಂದು,” ಎನ್ನುತ್ತಾರೆ ಅಕ್ಕ. “ರಾಣಿಗೆ ಪೂರ್ತಿ ಪಟ, ನನಗೆ ಮೊಣಕೈ.”

ಈಗ ಅದೇ ರಾಣಿ ಬಾಗಿಲಲ್ಲಿ ಮುಖ ಸಣ್ಣ ಮಾಡಿಕೊಂಡು ನಿಂತಿದ್ದಾರೆ. “ಅಕ್ಕಾ, ನಿನ್ನೆ ನಿಮ್ಮ ಡ್ರೈಯರ್ ಬೋರ್ಡಿಗೇ ನನ್ನ ಇಸ್ತ್ರಿ ಪೆಟ್ಟಿಗೆ ಸಿಕ್ಕಿಸ್ಬಿಟ್ಟೆ. ನನ್ನಿಂದ್ಲೇ ಕೆಟ್ಟಿತೇನೋ.”

“ಹೂಂ, ಇರಬಹುದು,” ಎನ್ನುತ್ತಾರೆ ಅಕ್ಕ. ಒಳಗೊಳಗೇ ಸಕ್ಕರೆ ತಿಂದಷ್ಟು ಖುಷಿ.

ಕೆಲಸ ಮಾತ್ರ ಖುಷಿಗೆ ಕಾಯುವುದಿಲ್ಲ. ಧೂಳು ಹಿಡಿಯುವ ಜಾಲರಿ ಎಳೆದು ನೋಡುತ್ತಾರೆ, ಚೊಕ್ಕಟವಾಗಿದೆ. ಮೇನ್ ಆರಿಸಿ, ಪ್ಲಗ್ ಕಿತ್ತು, ಹಿಂದಿನ ತಗಡು ಬಿಚ್ಚುತ್ತಾರೆ. ಗಾಳಿ ಕಾಯಿಸುವ ಕಾಯಿಲ್‌ಗೆ ಮೀಟರಿನ ಎರಡು ಕಡ್ಡಿ ತಾಗಿಸಿದರೆ ‘ಕೀಂ’ ಎನ್ನುತ್ತದೆ. ಜೀವ ಇದೆ. ಪಕ್ಕದಲ್ಲೇ ಬೆರಳುದ್ದದ ಥರ್ಮಲ್ ಫ್ಯೂಸ್. ಕಾವು ಅತಿಯಾದರೆ ತಾನು ಸುಟ್ಟು ಮಷೀನನ್ನು ಉಳಿಸುವುದು ಅದರ ಕೆಲಸ. ಅಲ್ಲಿ ಮೀಟರ್ ಮೌನ.

“ಸಿಕ್ಕಿದ. ಆದ್ರೆ ಇವನು ಸುಮ್ ಸುಮ್ನೆ ಪ್ರಾಣ ಬಿಡೋ ಪೈಕಿ ಅಲ್ಲ. ಹೊಸದು ಹಾಕಿದ್ರೆ ಅದೂ ಹೋಗತ್ತೆ. ಕಾವು ಎಲ್ಲಿ ಸಿಕ್ಕಿಕೊಂಡಿದೆ ಅಂತ ಮೊದ್ಲು ನೋಡ್ಬೇಕು.”

ಬಿಸಿಗಾಳಿ ಹೊರಹೋಗುವ ದಪ್ಪ ಪೈಪಿನ ಹಿಂದೆ ಟಾರ್ಚ್ ಬಿಡುತ್ತಾರೆ. ಪೈಪ್ ಗೋಡೆಗೆ ಒತ್ತಿ ಚಪಾತಿಯಾಗಿದೆ. ಮಷೀನನ್ನು ಗೋಡೆಗೆ ತಳ್ಳಿದ್ದು ಯಾರೆಂದು ಅಕ್ಕನಿಗೆ ಗೊತ್ತು. ಫೋಟೋ ತೆಗೆಯುವಾಗ ಇಸ್ತ್ರಿ ಮೇಜಿನ ಪಕ್ಕ ನಿಲ್ಲಲು ಜಾಗ ಸಾಲದೆ, ಸೊಂಟ ಕೊಟ್ಟು ಅದನ್ನು ಹಿಂದಕ್ಕೆ ಗುದ್ದಿದ್ದು ಸ್ವತಃ ಅವರೇ.

ಬಾಗಿಲಲ್ಲಿ ಕಿರಿಯವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಸುಮ್ಮನಿದ್ದರೆ ಸಾಕು, ತಪ್ಪು ರಾಣಿಯದೇ ಆಗಿ ಉಳಿಯುತ್ತದೆ. ಅಕ್ಕ ರಿಪೇರಿ ಡಬ್ಬಿಯಲ್ಲಿದ್ದ ಹೊಸ ಫ್ಯೂಸ್ ಕೂರಿಸುತ್ತಾರೆ. ಪೈಪನ್ನು ಬಿಡಿಸಿ ದುಂಡಗೆ ಮಾಡಿ ಮತ್ತೆ ಜೋಡಿಸುತ್ತಾರೆ. ತಗಡು ಮುಚ್ಚುವಾಗ ತಡೆಯಲಾಗುವುದಿಲ್ಲ.

“ಸಾಕು ಅಳೋದು. ನಿನ್ನ ಇಸ್ತ್ರಿ ಏನೂ ಮಾಡಿಲ್ಲ. ಫೋಟೋಗೆ ನಿಲ್ಲಕ್ಕೆ ಜಾಗ ಬೇಕಿತ್ತು, ಮಷೀನ್ ತಳ್ಳಿದ್ದು ನಾನು. ಪೈಪ್ ಅಪ್ಪಚ್ಚಿ ಆಯ್ತು. ತಿಳೀತಾ?”

ಕಿರಿಯವರು ಕಣ್ಣಿನಿಂದ ಸೆರಗು ತೆಗೆಯುತ್ತಾರೆ. “ಅಷ್ಟು ತಳ್ಳಿದ್ರೂ ಮೊಣಕೈ ಅಷ್ಟೇನಾ ಅಕ್ಕಾ ಬಂದಿದ್ದು?”

“ಹಲ್ಲು ಕಿರೀಬೇಡ, ಶೀಟ್ ಹಿಡಿ!”

ಸ್ವಿಚ್ ಒತ್ತಿದರೆ ಡ್ರಮ್ ಸುತ್ತುತ್ತದೆ. ಸ್ವಲ್ಪ ಹೊತ್ತಿಗೆ ಗಾಜು ಬೆಚ್ಚಗಾಗುತ್ತದೆ. ಶೀಟುಗಳು ಒಣಗಿ ಹೊರಬರುವಷ್ಟರಲ್ಲಿ ಗೇಟಿನಲ್ಲಿ ಹಾರ್ನ್. ಇಸ್ತ್ರಿಗೆ ಪುರುಸೊತ್ತಿಲ್ಲ. ಇಬ್ಬರೂ ಎದುರುಬದುರು ನಿಂತು ಬಿಸಿಬಿಸಿ ಶೀಟುಗಳನ್ನು ಎಳೆದೆಳೆದು ಮಡಿಸಿ ಪೇರಿಸುತ್ತಾರೆ.

ವ್ಯಾನಿನ ಚಾಲಕ ಹೊರೆ ಎತ್ತಿ ಎದೆಗೊತ್ತಿಕೊಳ್ಳುತ್ತಾನೆ. ಅವನ ಕಣ್ಣು ನೆಟ್ಟಗೆ ಕಿರಿಯವರ ಕಡೆಗೆ. “ಪೇಪರ್‌ನಲ್ಲಿ ಬಂದಿದ್ದು ಸುಮ್ನೆ ಅಲ್ಲ ಮೇಡಂ. ಇಸ್ತ್ರಿ ಅಂದ್ರೆ ಇದು!”

ಅಕ್ಕ ಸರಕ್ಕನೆ ಮುಖ ತಿರುಗಿಸಿ ಜಾಲರಿ ಕೊಡವತೊಡಗುತ್ತಾರೆ.

“ಇವತ್ತು ಇಸ್ತ್ರಿ ಪೆಟ್ಟಿಗೆ ಮುಟ್ಟೇ ಇಲ್ಲಪ್ಪ ನಾನು,” ಎನ್ನುತ್ತಾರೆ ಕಿರಿಯವರು. “ಅದಷ್ಟೂ ನಮ್ಮಕ್ಕನ ಕೆಲಸ.”

ಜಾಲರಿ ಕೊಡವುವ ಕೈ ನಿಲ್ಲುತ್ತದೆ.

“ಇನ್ನೊಂದ್ಸಲ ಹೇಳು,” ಎನ್ನುತ್ತಾರೆ ಅಕ್ಕ, ತಿರುಗದೆ. “ಸ್ವಲ್ಪ ಜೋರಾಗಿ. ಅವನು ವ್ಯಾನ್ ಹತ್ತೋದ್ರೊಳಗೆ.”